ನಾಲ್ಕುನೂರಾ ಮೂರು

ಗುಳೇದಗುಡ್ಡದ ಮಗ್ಗ ನಿಂತ ಮ್ಯಾಲ
ಸರ್ವರಿನ ಲಾಗ್ ತೆರದು ಕುಂತೆ.
ಸಾಲು ಸಾಲಿಗೂ ಒಂದ ಮಾತು: ಪ್ರವೇಶ ನಿಷಿದ್ಧ.
ಪರ್ಮಿಷನ್ ನೋಡಿದೆ, ಸರಿ ಅದಾವ.
ಫೋಲ್ಡರಿನ ಒಡೆತನ? ನಂದ.
ಚಹಾ ಆರಿ ಕೆನಿ ಕಟ್ಟಿತು.

ಹನ್ನೊಂದಕ್ಕ ಸಿಕ್ಕಿತು. ಕಮತಗಿ ನೀಲಗಂಗವ್ವ
ಇಂಗ್ಲಿಷ್ ಅಕ್ಷರದಾಗ ಬರದಾಳ:
'ಯೂನಿಯನ್ ಸೆಲೆಕ್ಟ್ ಮಾಡಿದ ಹದಿನೆಂಟು ಖಣ ಕಳಸ್ರಿ.'
ಯೂನಿಯನ್, ಸೆಲೆಕ್ಟ್, ಎರಡೂ ಜೋಡಿ ಬಂದರ
ಅದು ಕಳ್ಳರ ಭಾಷಾ ಅಂತ
ಕಾವಲಿನವಗ ಯಾರೋ ಕಲಿಸ್ಯಾರ.
ಏಳು ಸಲ ಬಾಗಲಾ ಬಡದಾಳ ಪಾಪ,
ಏಳೂ ಸಲ ನಾಲ್ಕುನೂರಾ ಮೂರು.

ಕಾವಲನ್ನ ಕಿತ್ತ ಒಗದರ ಹಗುರಿತ್ತು.
ಒಗೀಲಿಲ್ಲ.
ಆರ್ಡರ್ ಪುಟಕ್ಕಷ್ಟ ಆ ನಿಯಮ ಸಡಲಿಸಿದೆ,
ಹರದ ಎಳಿಗಷ್ಟ ಗಂಟು ಹಾಕಿದಂಗ.

ಎಂಟನೇ ಸಲ ಬಡೀತಾಳೇನು?
ಲಾಗಿನ ಕಡೀ ಸಾಲು ನೋಡಕೋತ ಕುಂತೀನಿ.