ಉಗುರು

ಗದಗ ರೋಡಿಗೆ ಹತ್ತಿ, ಎರಡನೇ ಮಾಳಗಿ,
ಹನ್ನೊಂದು ಕಾಟು. ಏಳನೇದು ಕಂದಕೂರ ಅಜ್ಜಾರದು.
ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನ್ಯಾಗ ಮೂವತ್ನಾಲ್ಕು ವರ್ಷ ಫಿಟ್ಟರ್.
ಮುಂಜಾನೆ ಭೋಂಗಾ ಆತಂದ್ರ ಈಗೂ
ಎಡಗಾಲು ಹಾಸಿಗಿ ಬಿಟ್ಟು ಕೆಳಗ ಇಳೀತೈತಿ.
ಬಲಗಾಲು ಮಾತು ಕೇಳೂದಿಲ್ಲ.

ನಾ ಬರೂದು ಆರಕ್ಕ.
ಮೈ ಒರಸೂದು, ಮಗ್ಗಲಾ ಹೊರಳಿಸೂದು, ಬೆನ್ನಿಗೆ ಪೌಡರು.
ಅದಕ್ಕೂ ಮೊದಲು ಪರದೆ ಎಳಿಯೂದು,
ಪರದೆಗಿಂತ ಮೊದಲು ಕೇಳೂದು:
"ಅಜ್ಜಾರ, ಮುಟ್ಟಲೇನ್ರಿ?"
ಹೊಸದಾಗಿ ನಗ್ತಿದ್ರು ಅವರು.
"ಲಗ್ನದಾಗೂ ನನ್ನ ಯಾರೂ ಹಿಂಗ ಕೇಳಿರಲಿಲ್ಲವಾ."

ಕಾಲು ತೊಳೀತೀನಿ. ಬೆರಳ ಸಂದ್ಯಾಗ ನೀರು ಉಳೀದ್ಹಂಗ
ಒತ್ತಿ ಒರಸ್ತೀನಿ, ತಿಕ್ಕೂದಿಲ್ಲ.
ನೋಡ್ತೀನಿ: ಕೆಂಪು, ಕಪ್ಪು, ಗುಳ್ಳಿ, ವಾಸನಿ.
ಕಂಡದ್ದು ವಹಿಯಾಗ ಬರೀತೀನಿ,
ಫಿಲೋಮಿನಾ ಸಿಸ್ಟರಿಗೆ ಹೇಳ್ತೀನಿ.
ಅಲ್ಲಿಗೆ ನನ್ನ ಹದ್ದು ಮುಗೀತು.

ಉಗುರು ಕತ್ತರಸೂದು ನಂದಲ್ಲ.
ಸಕ್ಕರಿ ಕಾಲು. ಎಳ್ಳಷ್ಟು ಕೊರದ್ರೂ ಹುಣ್ಣು,
ಹುಣ್ಣಿನ ಹಿಂದ ಬೆರಳು, ಬೆರಳಿನ ಹಿಂದ ಪಾದ.
ಟ್ರೇನಿಂಗಿನ್ಯಾಗ ಫೋಟೋ ತೋರಿಸಿದ ದಿನ
ಊಟದ ಡಬ್ಬಿ ಯಾರೂ ಬಿಚ್ಚಲಿಲ್ಲ.

ಆದ್ರ ಹೆಬ್ಬೆರಳಿನ ಉಗುರು ಬೆಳೀತಿತ್ತು,
ಹಳದಿ, ಡೊಂಕು,
ರಾತ್ರೆಲ್ಲಾ ಚಾದರಕ್ಕ ಸಿಕ್ಕೊಂಡು ಕರ್ ಅಂತಿತ್ತು.
ಪಾದದ ಡಾಕ್ಟರು ತಿಂಗಳಿಗೊಮ್ಮೆ ಬರಬೇಕು,
ಎರಡು ತಿಂಗಳಾತು, ಬಂದಿಲ್ಲ.
ಮೂರು ಸಲ ಬರದೆ. ಮೂರೂ ಸಲ ಸಿಸ್ಟರ್ ಸಹಿ ಮಾಡಿದ್ರು.

"ಏ ಹುಲಿಗೆವ್ವಾ, ನಿನ್ನ ಕಿಸೆದಾಗ ನೇಲ್‌ಕಟರ್ ಐತಿ.
ಯಾರು ನೋಡ್ತಾರ? ಕಟಕ್ ಅನಸು."
ಐತಿ ಖರೆ. ಅದು ನನ್ನ ಉಗುರಿಗೆ,
ಉದ್ದ ಉಗುರಿನ ಕೈ ಯಾರ ಮೈನೂ ಮುಟ್ಟಬಾರದಂತ.
ದಿಂಬಿನ ಕೆಳಗಿಂದ ಇನ್ನೂರರ ನೋಟು ತಗದ್ರು.
ಅದೂ ನಂದಲ್ಲ.
ಮಡಚಿ, ಅವರ ಕಣ್ಣ ಮುಂದ, ಹೊಳ್ಳಿ ಅಲ್ಲೇ ಇಟ್ಟೆ.

ಎರಡು ದಿನ ಗೋಡಿ ಕಡೆ ಮಾರಿ.
"ಮುಟ್ಟಲೇನ್ರಿ?" ಉತ್ತರ ಇಲ್ಲ.
ಉತ್ತರ ಇಲ್ಲಂದ್ರ ಹೂಂ ಅಂತ ತಿಳಕೊಳ್ಳೂದಲ್ಲ.
ಸ್ಟೂಲು ಎಳಕೊಂಡು ಕುಂತೆ. ಬೋಗಾಣಿ ನೀರು ಆರಿತು.
ಎದ್ದು ಮತ್ತ ಕಾಸಿಕೊಂಡು ಬಂದೆ.

ಮೂರನೇ ದಿನ ಗೋಡಿಗೇ ಹೇಳಿದ್ರು:
"ವ್ಯಾಗನ್ ಕೆಳಗ ಮನಿಷ್ಯಾ ಇದ್ರ ಕೆಂಪು ಬಾವುಟ ಹಾಕ್ತಿದ್ವಿ.
ಹಾಕಿದಾವನ ತಗೀಬೇಕು,
ಸಾಹೇಬ ಬಂದ್ರೂ ಕೈ ಹಚ್ಚಂಗಿಲ್ಲ.
ದಾನಿಯೇಲ ಅಂತಿದ್ದ. ಭಾಳ ಛಲೋ ಹುಡುಗ.
ಗೆಳೆಯಗ ಅನುಕೂಲ ಆಗಲಿ ಅಂತ ಒಂದಿನ ತಾನ ತಗದ..."
ಮುಂದ ಹೇಳಲಿಲ್ಲ. ನಾನೂ ಕೇಳಲಿಲ್ಲ.
ಆಮ್ಯಾಲ ಕಾಲು ಈ ಕಡೆ ಸರಸಿ,
"ತೊಳಿಯವಾ" ಅಂದ್ರು.

ಗುರುವಾರ ಡಾಕ್ಟರು ಬಂದ್ರು. ನಾಕು ಮಿನಿಟಿನ ಕೆಲಸ.
ಕಟಕ್.
ಉಗುರಿನ ಚೂರು ಹಾರಿ ಕಾಟಿನ ಕೆಳಗ ಬಿತ್ತು.
ಗುಡಿಸೂದು ನಂದು.

ಆ ರಾತ್ರಿ ಮನ್ಯಾಗ
ನಮ್ಮತ್ತಿ ಕಾಲು ಚಾಚಿ ಕುಂತಿದ್ರು, ಕೈಯಾಗ ಅರ್ಧ ಬ್ಲೇಡು.
ಹನ್ನೆರಡು ವರ್ಷದಿಂದ ಅವರ ಉಗುರು ತಗಿಯಾಕಿ ನಾನ.
ಅವರಿಗೂ ಸಕ್ಕರಿ.
ಮೊಬೈಲಿನ ಬೆಳಕು ಹಿಡದು ಬೆರಳ ಸಂದಿ ನೋಡಿದೆ.
ಇಲ್ಲಿ ವಹಿ ಇಲ್ಲ, ಸಹಿ ಮಾಡಾವರಿಲ್ಲ,
ಪಾದದ ಡಾಕ್ಟರು ಅಂತ ಒಬ್ರು ಇರತಾರ ಅನ್ನೂದ
ನಮ್ಮ ಓಣಿಗೆ ಗೊತ್ತಿಲ್ಲ.

"ಮುಟ್ಟಲೇನ್ರಿ?" ಅಂದುಬಿಟ್ಟೆ, ಬಾಯಿ ತಪ್ಪಿ.
"ಯಾಕ, ನಾ ಏನು ಹೊರಗಿನಾಕೇನು?" ಅಂತ ಸಿಟ್ಟಿಗೆದ್ರು ಅತ್ತಿ.
ಬ್ಲೇಡು ಹಿಡದು
ಭಾಳ ಹೊತ್ತು ಕುಂತೆ.