ಜಪ್ತಿ ವಹಿ

ಸಕಲೇಶಪುರದ ಪುರಸಭೆಯಲ್ಲಿ ನನ್ನ ಕೆಲಸ ಇಷ್ಟೇ:
ಹಿಡಿದು ತಂದದ್ದನ್ನು ತೂಗುವುದು,
ಬರೆಯುವುದು, ಬೀಗ ಹಾಕುವುದು.
ಕ್ರಮಸಂಖ್ಯೆ, ತಾರೀಖು, ಅಂಗಡಿ, ತೂಕ, ದಂಡ.
ಕೊನೆಯದು ಅಗಲವಾದ ಕಾಲಂ, ವಿಲೇವಾರಿ.
ಅದು ಖಾಲಿ.

ಕಾಯಿದೆ ಬೆಂಗಳೂರಿನಿಂದ ಬಂದಾಗ
ಎರಡೇ ಪುಟ, ತಲೆಯ ಮೇಲೆ ಗಂಡಭೇರುಂಡ.
ಮಾರಕೂಡದು, ಸಾಗಿಸಕೂಡದು, ಕೂಡಿಡಕೂಡದು,
ಸುಡಕೂಡದು, ಹೂಳಕೂಡದು, ನೀರಿಗೆ ಬಿಡಕೂಡದು.
ಕೂಡದುಗಳನ್ನೆಲ್ಲ ಓದಿ ಮುಗಿಸಿ
ಮುಖ್ಯಾಧಿಕಾರಿ ಕನ್ನಡಕ ತೆಗೆದು ಕೇಳಿದರು,
'ಹಂಗಾದ್ರೆ ಹಿಡಿದದ್ದನ್ನ ಇಡೋದೆಲ್ಲಿ?'
ಎಲ್ಲರೂ ನನ್ನ ಕಡೆ ನೋಡಿದರು.
ಹಳೇ ಪಂಪ್‌ಹೌಸಿನ ಬೀಗದ ಕೈ
ನನ್ನ ಸೊಂಟದಲ್ಲಿತ್ತು.
ಪಂಪ್‌ಹೌಸಿನಿಂದ ಹೇಮಾವತಿಗೆ ಎಂಟು ಹೆಜ್ಜೆ.

ಮೊದಲ ವಾರ ಸಿಕ್ಕವರು:
ಬಸ್‌ಸ್ಟ್ಯಾಂಡಿನ ಹೂವಿನ ಪುಟ್ಟಲಿಂಗಿ, ನಾನೂರು ಗ್ರಾಂ.
ಚಪ್ಪಲಿ ಅಂಗಡಿಯ ಅಬೂಬಕ್ಕರ್, ಒಂದೂವರೆ ಕೇಜಿ.
ಪಾರ್ಸೆಲ್ ಸಾಂಬಾರಿನ ವಾಸಣ್ಣ, ಮುಕ್ಕಾಲು.
ಮೈಕ್ರಾನ್ ಅಂದ್ರೇನು ಎಂದು ಪುಟ್ಟಲಿಂಗಿ ಕೇಳಿದಳು.
ಕೂದಲಿಗಿಂತ ತೆಳುವಾದ ಅಳತೆ ಎಂದೆ.
'ಅಷ್ಟು ತೆಳ್ಳಗಿನದಕ್ಕೆ ಇನ್ನೂರು ರೂಪಾಯಾ!'
ಚೀಲ ಮಾಡುವ ಕಾರ್ಖಾನೆಯ ಹೆಸರು
ಯಾವ ಪುಟಕ್ಕೂ ಬರಲಿಲ್ಲ.
ಅದನ್ನು ತೂಗಲು ನಮ್ಮ ತಕ್ಕಡಿ ಚಿಕ್ಕದಿರಬೇಕು.

ಪುಟ್ಟಲಿಂಗಿ ಮರುದಿನವೇ ಬಾಳೆಲೆಗೆ ಹೊರಳಿದಳು.
ಎಲೆ ಬಾಡುತ್ತಲ್ಲ ಎಂದ ಗಿರಾಕಿಗೆ
'ಹೂವೇ ಬಾಡ್ತದೆ, ಎಲೆಗೇನು ದೊಡ್ಡಸ್ತಿಕೆ?'
ಎಂದು ಮೊಳ ಅಳೆದಳು.

ಮೂರು ವರ್ಷಕ್ಕೆ ಪಂಪ್‌ಹೌಸು ಸೂರಿನ ತನಕ ತುಂಬಿತು.
ಹಾಸನಕ್ಕೆ ಬರೆದೆ. ಹಾಸನ ಮಂಡಳಿಗೆ ಬರೆಯಿತು.
ಮಂಡಳಿ ಸಿಮೆಂಟಿನವರಿಗೆ ಬರೆಯಿತು.
ಸಿಮೆಂಟಿನವರು 'ಒಣಗಿದ್ದರೆ ನೋಡೋಣ' ಅಂದರು.
ಒಣಗುವುದು, ಅದೂ ನಮ್ಮೂರಲ್ಲಿ.
ಸುಮ್ಮನಾದೆ.
ಬಾಗಿಲು ತೆರೆದರೆ ಒಳಗೆ ಸರಸರ ಸದ್ದು,
ಕತ್ತಲಲ್ಲಿ ಯಾರೋ ಹೊಸ ಸೀರೆ ಉಟ್ಟು ಕೂತಂತೆ.

ಆ ಆಷಾಢ ಹೊಳೆ ರಾತ್ರಿ ಎರಡಕ್ಕೆ ಎದ್ದಿತು.
ಬೆಳಿಗ್ಗೆ ಹೋದರೆ ಬೀಗ ಹಾಗೇ ಇದೆ,
ಬಾಗಿಲೂ ಇದೆ,
ಹೊಳೆ ಕಡೆಯ ಗೋಡೆ ಇಲ್ಲ.
ಎರಡು ಸಾವಿರದ ಮುನ್ನೂರ ಹನ್ನೊಂದು ಕೇಜಿ
ಇನ್ನೂರು ಗ್ರಾಂ,
ಸರ್ಕಾರದ ಮೊಹರಿನ ಸಮೇತ
ಗೊರೂರಿನ ದಾರಿ ಹಿಡಿದಿತ್ತು.
ಒಬ್ಬೊಬ್ಬರ ಕೈಯಿಂದ ಒಂದೊಂದಾಗಿ ಹೋಗಬೇಕಾದ್ದನ್ನು
ನಾವು ಜೋಪಾನವಾಗಿ ಒಟ್ಟುಮಾಡಿ
ಒಂದೇ ರಾತ್ರಿಗೆ ಕಳಿಸಿದ್ದೆವು.

ಮೀನಿನ ಪುತ್ತುಮೋನು ಸಮಾಧಾನ ಹೇಳಿದ:
'ಹೆದರಬೇಡಿ ಲಲಿತಾಕ್ಷಿಯಮ್ಮ,
ನಿಮ್ಮ ಚೀಲ ಹೋಗೋದು ಮೂಡಣ ಕಡಲಿಗೆ.
ನನ್ನ ಬಂಗುಡೆ ಬರೋದು ಶಿರಾಡಿ ಹತ್ತಿ, ಪಡುವಣದಿಂದ.
ಅವಕ್ಕೂ ಇವಕ್ಕೂ ಭೇಟಿಯೇ ಇಲ್ಲ.'
ಎರಡು ದಿನ ನಿದ್ದೆ ಬಂತು.
ಮೂರನೆಯ ದಿನ ಬಿಸಿಲೆಯ ಗಾರ್ಡ್ ಸಿಕ್ಕಿ
ಮಂಕನಹಳ್ಳಿ ದಿಬ್ಬದ ಸುದ್ದಿ ಹೇಳಿದ.
ಬಿದ್ದ ಮಳೆ ಅಲ್ಲಿ ಎರಡಾಗಿ ಪಾಲಾಗುತ್ತದೆ,
ಅರ್ಧ ಆ ಕಡಲಿಗೆ, ಅರ್ಧ ಈ ಕಡಲಿಗೆ.
ಫೋಟೋಕ್ಕೆ ನಿಂತವರು ಬಿಟ್ಟುಹೋದ ಕುರುಕಲು ಪೊಟ್ಟಣ
ಗಾಳಿ ನೂಕಿದ ಕಡೆ ಇಳಿಯುತ್ತದೆ.
ಅವತ್ತು ಬಂಗುಡೆ ತಂದು, ಸೀಳಿ,
ಬಹಳ ಹೊತ್ತು ತೊಳೆದೆ.

ಕಳೆದ ತಿಂಗಳು ಆಡಿಟ್ಟಿಗೆ ಒಬ್ಬ ಹುಡುಗ ಬಂದ.
ಇಸ್ತ್ರಿ ಮಾಡಿದ ಅಂಗಿ, ಹಸಿರು ಇಂಕು.
ದಾಸ್ತಾನು ಸೊನ್ನೆ, ವಿಲೇವಾರಿ ಖಾಲಿ, ಇದೇನು ಎಂದ.
ಬರೆಯಲೇಬೇಕಿತ್ತು.
ಒಂದರಿಂದ ಆರುನೂರ ನಲವತ್ತರ ತನಕ
ಒಂದೇ ಗೆರೆ ಎಳೆದು
'ಸಮುದ್ರ' ಎಂದು ಬರೆದೆ.
ಅವನು ವಹಿಯನ್ನು ತನ್ನತ್ತ ತಿರುಗಿಸಿಕೊಂಡ.
ನಗಲಿಲ್ಲ. ಹಸಿರಿನಲ್ಲಿ ಪಕ್ಕದಲ್ಲೇ ಬರೆದ:
'ಸ್ವೀಕರಿಸಿದವರ ರಸೀದಿ ಲಗತ್ತಿಸಿಲ್ಲ. ಏಕೆ?'

ಉತ್ತರಕ್ಕೆ ಹದಿನೈದು ದಿನ ಕಾಲಾವಕಾಶ.
ದಂಡೆಯ ಬಿದಿರುಮೆಳೆ, ಎರಡಾಳೆತ್ತರದಲ್ಲಿ,
ಇನ್ನೂ ಒಂದಷ್ಟು ಹಿಡಿದುಕೊಂಡಿದೆ, ನೀಲಿ, ಬಿಳಿ.
ಏಣಿ ಕೇಳಿದ್ದೇನೆ.
ಇಳಿಸಬೇಕು, ತೂಗಬೇಕು,
ಹೊಸ ಪುಟ ತೆಗೆದು
ಅಂಗಡಿ ಎಂಬಲ್ಲಿ ಬರೆಯಬೇಕು:
ಪುರಸಭೆ, ಸಕಲೇಶಪುರ.