ಜೇಬಿನಲ್ಲಿ ಹೋದ ಬಾಗಿಲು

ತ್ಬಿಲಿಸಿಯ ಈ ಸುರಂಗದಾರಿಯಲ್ಲಿ ನನ್ನದು
ಕೈ ಚಾಚಿದರೆ ಮುಗಿಯುವ ಅಂಗಡಿ.
ಎಡಕ್ಕೆ ಕಾಲುಚೀಲ ಮಾರುವ ನಾರ್ಗಿಜಾ,
ಬಲಕ್ಕೆ ನಕಲಿ ಕೀಲಿ ಕೊರೆಯುವ ಯಂತ್ರದ ಕಿರಿಕಿರಿ.
ನೆತ್ತಿಯ ಮೇಲೆ ಬಸ್ಸು ಹೋದರೆ
ಡಬ್ಬಿಯೊಳಗಿನ ಸ್ಕ್ರೂಗಳು ಸಣ್ಣಗೆ ನಡುಗುತ್ತವೆ.

ಲಾಮ್ಜಿರಾ ಬಂದದ್ದು ನಾಲ್ಕೂವರೆಗೆ,
ಒಂಬತ್ತು ಮಹಡಿ ಇಳಿದು, ಆಲೂಗಡ್ಡೆಯ ಚೀಲದಲ್ಲಿ ಲ್ಯಾಪ್‌ಟಾಪ್ ತುರುಕಿಕೊಂಡು.
"ಏಳಕ್ಕೆ ಸಭೆ" ಅಂದಳು, ಕೂರುವ ಮೊದಲೇ.
ಅವರ ಕಟ್ಟಡದ ಲಿಫ್ಟು ಕೆಟ್ಟು ಇಪ್ಪತ್ತು ದಿನ.
ನಾಣ್ಯ ನುಂಗುತ್ತದೆ, ಕದಲುವುದಿಲ್ಲ.
ಎಪ್ಪತ್ತೆರಡು ಮನೆಗಳ ವಂತಿಗೆ,
ಯಾರು ಕೊಟ್ಟರು, ಯಾರು ನಾಳೆ ಅಂದರು,
ಎಲ್ಲ ಇದರ ಹೊಟ್ಟೆಯಲ್ಲಿ.
ಐದನೇ ಮಹಡಿಯ ಗುರಾಮ್ ಆಗಲೇ ಮೆಟ್ಟಿಲ ಮೇಲೆ ನಿಂತು
ದುಡ್ಡು ಯಾರ ಅಡುಗೆಮನೆ ಸೇರಿತೆಂದು
ಗಟ್ಟಿ ದನಿಯಲ್ಲಿ ಯೋಚಿಸುತ್ತಿದ್ದಾನಂತೆ.

ತಂಗಿಯ ಮಗ ಗೆಲಾ ಬಂದಿದ್ದ ಬಟೂಮಿಯಿಂದ.
"ದೊಡ್ಡಮ್ಮ, ಇದು ಕುಂಟುತ್ತಿದೆ. ಲಿನಕ್ಸ್ ಹಾಕುತ್ತೇನೆ, ಕುದುರೆಯಾಗುತ್ತದೆ."
ಹಾಕಿದ. ಆಯಿತು.
ಅವಳ ಕಣ್ಣೆದುರೇ ಓಡಿತು, ಲೆಕ್ಕದ ಹಾಳೆ ತೆರೆಯಿತು,
ನಮ್ಮ ದುಂಡು ಅಕ್ಷರ ಒಂದೂ ಮುಕ್ಕಾಗದೆ.
ಅವನು ಚಹಾ ಕುಡಿದ. ಮಿನಿಬಸ್ ಹತ್ತಿದ.
ಮರುದಿನ ಬೆಳಿಗ್ಗೆ ಗುಂಡಿ ಒತ್ತಿದರೆ ಕಪ್ಪು ಪರದೆ,
ಮೇಲಿನ ಮೂಲೆಯಲ್ಲಿ ಒಂದೇ ಸಾಲು:
ಬೂಟ್ ಆಗಬಲ್ಲ ಸಾಧನ ಯಾವುದೂ ಇಲ್ಲ.

"ನಾನೇನೂ ಮುಟ್ಟಲಿಲ್ಲ" ಅಂದಳು.
ಇಲ್ಲಿಗೆ ಬರುವವರೆಲ್ಲ ಮೊದಲು ಹೇಳುವುದು ಇದನ್ನೇ.

ಡಿಸ್ಕಿಗೆ ಕಿವಿ ಕೊಟ್ಟೆ. ತಿರುಗುತ್ತಿದೆ.
ಬೂಟ್ ಕ್ರಮ ಹಿಂದುಮುಂದು ಮಾಡಿದೆ, ಹಳೆಯ ರೀತಿ, ಹೊಸ ರೀತಿ,
ಒಂದು ಗಂಟೆ ಕಳೆದೆ, ಅವಳ ಎದುರು ತಜ್ಞನ ಮುಖ ಇಟ್ಟುಕೊಂಡು.
ಆಮೇಲೆ ನನ್ನ ಪೆನ್‌ಡ್ರೈವ್ ಚುಚ್ಚಿ, ಅದರ ಬೆಳಕಿನಲ್ಲಿ
ಒಳಗೆ ಇಣುಕಿದರೆ
ಅಯ್ಯೋ, ಎಲ್ಲ ಇದ್ದ ಹಾಗೇ ಇದೆ!
ಎಪ್ಪತ್ತೆರಡು ಮನೆ, ಸಾಲು ಸಾಲು.
ಗುರಾಮನ ಹೆಸರಿನ ಮುಂದೆ ನಾಲ್ಕು ತಿಂಗಳು ಸೊನ್ನೆ.
ನೋಡಿದೆ. ಓದುವುದು ನನ್ನ ಕೆಲಸವಲ್ಲ.

"ಗೆಲಾ ಹೊರಡುವಾಗ ಏನಾದರೂ ಕಿತ್ತನೆ ಇದರಿಂದ?"
"ಪಕ್ಕದಲ್ಲಿ ಚುಚ್ಚಿದ್ದ ಸಣ್ಣ ಕಡ್ಡಿ. ಅವನದೇ ಅಲ್ಲವೆ?"

ನಕ್ಕೆ. ನಾರ್ಗಿಜಾ ಕಾಲುಚೀಲದ ರಾಶಿಯ ಮೇಲಿಂದ ಕತ್ತು ಉದ್ದ ಮಾಡಿದಳು.
ಹುಡುಗ ಮನೆ ಕಟ್ಟಿದ್ದು ಇಲ್ಲಿ,
ತಲೆಬಾಗಿಲು ಕೂರಿಸಿದ್ದು ಆ ಕಡ್ಡಿಯಲ್ಲಿ.
ಕಡ್ಡಿ ಜೊತೆಗಿದ್ದಷ್ಟು ಹೊತ್ತು ಎಲ್ಲರೂ ಒಳಗೆ ಹೊರಗೆ ಓಡಾಡಿದರು.
ಈಗ ಬಾಗಿಲು ಜೀನ್ಸಿನ ಜೇಬಿನಲ್ಲಿ, ಚಿಲ್ಲರೆಯ ಜೊತೆ,
ಕಪ್ಪು ಸಮುದ್ರದ ದಂಡೆಯಲ್ಲಿ ತಿರುಗುತ್ತಿದೆ.

"ಕರೆಸಲೇ ಅವನನ್ನು? ಏಳರೊಳಗೆ ಎಲ್ಲಿ ಬರುತ್ತಾನೆ!"
"ಬೇಡ. ಮನೆ ನಿಂತಿದೆಯಲ್ಲ, ಬಾಗಿಲು ಇನ್ನೊಂದು ಮಾಡೋಣ."

ಮೌಂಟ್ ಮಾಡಿ, ಒಳಹೊಕ್ಕು,
ಗ್ರಬ್ಬನ್ನು ಅದರದೇ ಡಿಸ್ಕಿನ ಮೊದಲ ತುಣುಕಿನ ಮೇಲೆ ಬರೆಯಲು
ಒಂದು ಸಾಲು ಹೊಡೆದೆ. ಡಿಸ್ಕಿನ ಹೆಸರಿನ ಕೊನೆಯ ಅಕ್ಷರ
ಎರಡು ಸಲ ಓದಿದೆ. ಹುಡುಗ ತಪ್ಪಿದ್ದು ಅಲ್ಲೇ.
ಎಂಟರ್.
ಮೇಲೆ ಬಸ್ಸು. ಸ್ಕ್ರೂಗಳ ನಡುಕ.
ಪರದೆ ಹೇಳಿತು: ಮುಗಿಯಿತು. ಯಾವ ತಪ್ಪೂ ವರದಿಯಾಗಿಲ್ಲ.

ಅವಳಿಗೆ ಓದಿ ಹೇಳಿದೆ.
"ಇದೊಂದು ಸಾಲು ಅಚ್ಚು ಹಾಕಿ ಕೊಡು" ಅಂದಳು,
"ಗುರಾಮನಿಗೆ ತೋರಿಸಬೇಕು."

ನನ್ನ ಕಡ್ಡಿ ಕಿತ್ತೆ. ಆರಿಸಿ ಹಚ್ಚಿದೆ, ಮತ್ತೆ ಆರಿಸಿ ಹಚ್ಚಿದೆ.
ಮೂರನೆಯ ಸಲ ಕೈ ಹಿಡಿದಳು: ಸಾಕು, ಬಳಲೀತು.
ಹದಿನೈದು ಲಾರಿ ಕೊಟ್ಟದ್ದು ಸ್ವಂತ ಪರ್ಸಿನಿಂದ,
ರಸೀದಿ ಬೇಡವೆಂದಳು, ಲೆಕ್ಕಕ್ಕೂ ಬೇಡವೆಂದಳು.

ಮುಚ್ಚಳ ಮಾತ್ರ ಮುಚ್ಚಗೊಡಲಿಲ್ಲ.
ತೆರೆದ ಪರದೆಯನ್ನು ಎರಡೂ ಕೈಯಲ್ಲಿ ಎದೆಯ ಮುಂದೆ ಹಿಡಿದು
ಸುರಂಗದ ಮೆಟ್ಟಿಲು ಹತ್ತತೊಡಗಿದಳು,
ಗಲ್ಲದ ಕೆಳಗೆ ನೀಲಿ ಬೆಳಕು.
ಖಾಲಿ ಆಲೂಗಡ್ಡೆ ಚೀಲ ಇಲ್ಲೇ ಉಳಿದಿದೆ.
ಒಂಬತ್ತು ಮಹಡಿ ಇನ್ನೂ ಬಾಕಿ ಅವಳಿಗೆ.